ಗಂಗಕ್ಕನ ಡಿನ್ನರ್ ಸೆಟ್

ನಾನು ನಿವೃತ್ತಳಾದ ಮೇಲೆ ನಾನು ಕೆಲಸ ಮಾಡುತ್ತಿದ್ದ ಪಾತ್ರೆ ಅಂಗಡಿಗೆ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಮೊನ್ನೆ ಹೂವು ಕೊಳ್ಳಲು ದಾದರಿಗೆ ಹೋದವಳು ಹಾಗೆಯೇ ಅಂಗಡಿಯೊಳಗೆ ಹಣಕಿ ಹಾಕಿದೆ. ಅವರಲ್ಲಿ ಒಬ್ಬಳು ವಿಜಯಪುರದ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಕುರ್ಲಾದಲ್ಲಿ. ಕನ್ನಡ ತಡವರಿಸುತ್ತ ಬರುತ್ತದೆ.

"ಆಂಟಿ, ಇದರಾಗ ಸೀಖನೇಕಾ, ಕಲಿಯೂದು ಏನದ? ಪ್ಲೇಟ್ ತೋರಸೋದು, ಪ್ಯಾಕ್ ಮಾಡೋದು, ಬಸ್!" ಎಂದಳು.

ನನಗೆ ಲೋಕಲ್ ರೈಲು ಹಿಡಿಯುವ ಆತುರ. ನಕ್ಕು ಹೊರಟುಬಿಟ್ಟೆ. ಆದರೆ ನಮ್ಮ ಮುಲುಂಡ್ ಸ್ಟೇಷನ್ ಬರುವಷ್ಟರಲ್ಲಿ ಅವಳಿಗೆ ಕೊಡಬೇಕಾಗಿದ್ದ ಉತ್ತರ ಹುದುಗಿದ ಹಿಟ್ಟಿನಂತೆ ಉಕ್ಕಿ ಪಾತ್ರೆಯಿಂದ ಹೊರಗೆ ಬಂದಿತ್ತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಯಾವಾಗ ಕೌಂಟರಿಗೆ ಬಂದೆ, ಯಾವಾಗ ಹಿರಿಯಳಾದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದಿ ಯಾರೂ ಒಂದು ತಟ್ಟೆಯನ್ನೂ ಮಾರಲಾರರು.

ಧಾರವಾಡದಿಂದ ಮದುವೆಯಾಗಿ ಮುಂಬೈಗೆ ಬಂದು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಈ ಅಂಗಡಿಗೆ ಸೇರಿದೆ. ನೆಲಮಹಡಿಯಲ್ಲಿ ಸ್ಟೀಲು, ಮೇಲೆ ಗಾಜು ಮತ್ತು ಪಿಂಗಾಣಿ. ಮೊದಲ ದಿನವೇ ನನಗೊಂದು ಪೆಟ್ಟು ಬಿತ್ತು. ನನಗಿಂತ ಹಿರಿಯರಾದ, ಹಲ್ಲು ಬಿದ್ದ ಅಜ್ಜಂದಿರು ಕೂಡ ಬಂದು "ತಾಈ, ತಾಈ" ಎನ್ನುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ನನ್ನ ಧಾರವಾಡದ ಕಿವಿಗೆ ಅದು "ತಾಯಿ" ಎಂದೇ ಕೇಳುತ್ತಿತ್ತು. ಸಂಜೆ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು, ಒಂದೇ ದಿನದಲ್ಲಿ ಇಷ್ಟು ಮುದುಕಿಯಾದೆನೇ ಎಂದು ನೋಡಿಕೊಂಡೆ. ನನ್ನ ಯಜಮಾನರು ವಿಷಯ ತಿಳಿದು ಊಟ ಮುಗಿಯುವವರೆಗೂ ನಗುತ್ತಿದ್ದರು.

ಅಂಗಡಿಯ ಮಾಲೀಕರು ಗುಜರಾತಿಗಳು. ನಾವೆಲ್ಲ ಶೇಠ್ ಎಂದೇ ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ. ಆದರೆ ಗಿರಾಕಿಯ ಮುಂದೆ ನಿಂತರೆ ಮೈಮೇಲೆ ನಾಟಕದವರು ಬಂದುಬಿಡುತ್ತಿದ್ದರು. ಆಗ ತಾನೇ ಓಪಲ್ ಗಾಜಿನ ತಟ್ಟೆಗಳು ಹೆಚ್ಚು ಬರತೊಡಗಿದ್ದವು. ಹಾಲಿನಂತೆ ಬಿಳುಪು, ಕೈಗೆ ಹಗುರ, ಬಿದ್ದರೂ ಬೇಗ ಒಡೆಯದಷ್ಟು ಗಟ್ಟಿ. ಶೇಠ್ ದಿನವೂ ಒಂದು ತಟ್ಟೆಯನ್ನು ಎದೆಮಟ್ಟದಿಂದ ನೆಲಕ್ಕೆ ಬಿಡುತ್ತಿದ್ದರು. ಅದು ಟಣ್ ಎಂದು ಪುಟಿದು ಸುಮ್ಮನಾಗುತ್ತಿತ್ತು. ಗಿರಾಕಿಗಳು ಚಪ್ಪಾಳೆ ಹೊಡೆಯುತ್ತಿದ್ದರು.

ಒಂದು ದಿನ ಒಂದು ದೊಡ್ಡ ಕುಟುಂಬ ಬಂದಿತ್ತು. ಶೇಠರಿಗೆ ಹುರುಪು ಹೆಚ್ಚಾಯಿತು. ಎದೆಮಟ್ಟ ಸಾಲದೆ ತಲೆಯ ಮೇಲಿಂದಲೇ ತಟ್ಟೆಯನ್ನು ಬಿಟ್ಟರು. ಅದು ನೆಲಕ್ಕೆ ಬೀಳುವ ಬದಲು ಮೆಟ್ಟಿಲಿನ ಅಂಚಿಗೆ ಬಿತ್ತು. ಓಪಲ್ ತಟ್ಟೆ ಒಡೆದದ್ದನ್ನು ನೋಡದವರಿಗೆ ಹೇಳುತ್ತೇನೆ: ಅದು ಎರಡು ಹೋಳಾಗುವುದಿಲ್ಲ. ಪಟಾಕಿಯಂತೆ ಸಿಡಿದು ಚುರುಮುರಿಯಾಗುತ್ತದೆ. ನಮ್ಮ ಕೂದಲಲ್ಲಿ ಚೂರು, ಶೇಠರ ಅಂಗಿಯ ಜೇಬಿನಲ್ಲಿ ಚೂರು. ಎಲ್ಲರೂ ಉಸಿರು ಬಿಗಿಹಿಡಿದರು. ಶೇಠ್ ಮಾತ್ರ ಕಣ್ಣು ಮಿಟುಕಿಸದೆ, "ದೇಖಾ? ಕಿತನಾ ಬಾರೀಕ್ ಟೂಟಾ! ಗುಡಿಸೋಕೆ ಎಷ್ಟು ಸುಲಭ!" ಎಂದರು, ಎಷ್ಟು ಸಣ್ಣಗೆ ಒಡೆಯಿತು ನೋಡಿ ಎಂದು ಚೂರುಗಳನ್ನು ತೋರಿಸುತ್ತ. ಕನ್ನಡದ ಮಾತು ಎರಡು ಮೂರು ನಮ್ಮಿಂದಲೇ ಕಲಿತಿದ್ದರು. ಅದನ್ನು ಇಂಥ ಹೊತ್ತಿನಲ್ಲೇ ಬಳಸುತ್ತಿದ್ದರು.

ಆ ಕುಟುಂಬ ಏನೂ ಕೊಳ್ಳದೆ ಹೋಯಿತು. ಅಂದಿನಿಂದ ಗಿರಾಕಿ "ಒಡೆಯೋದಿಲ್ಲ ತಾನೆ?" ಎಂದು ಕೇಳಿದಾಗ ನಾನು "ಒಡೆಯುತ್ತದೆ" ಎಂದೇ ಹೇಳತೊಡಗಿದೆ. ಮನೆಯಲ್ಲಿ ಮಕ್ಕಳಿದ್ದಾರೆ, ಗಂಡಸರಿದ್ದಾರೆ, ಒಡೆಯದೆ ಏನಾಗುತ್ತದೆ? ಆದ್ದರಿಂದ ಒಂದು ಒಡೆದರೆ ಅದೇ ನಮೂನೆಯ ಬಿಡಿ ತಟ್ಟೆ ಸಿಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಟ್ಟರೂ ಸಾಕು. ಹಬ್ಬಕ್ಕೆ ಒಮ್ಮೆ ಬಂದು ಮಾಯವಾಗುವ ಬಂಗಾರದ ಅಂಚಿನ ಸೆಟ್ಟುಗಳನ್ನು ನಾನು ಸಂಸಾರಸ್ಥರಿಗೆ ತೋರಿಸುತ್ತಲೇ ಇರಲಿಲ್ಲ. ಒಂದು ತಟ್ಟೆ ಹೋದರೆ ಇಡೀ ಸೆಟ್ಟು ಅನಾಥವಾಗುತ್ತದೆ. ಮೇಲಾಗಿ ಆ ಅಂಚು ಮೈಕ್ರೋವೇವ್‌ನಲ್ಲಿ ಕಿಡಿ ಹಾರಿಸುತ್ತದೆ.

ಇನ್ನೊಂದು, ಸಿಂಕ್ ಎಷ್ಟು ಅಗಲವಿದೆ ಎಂದು ಕೇಳಬೇಕು. ಕುರ್ಲಾದ ಚಾಳಿನ ಒಂದೇ ಕೋಣೆಯ ಮನೆಯಿಂದ ಬಂದ ಒಬ್ಬ ಮಹಾಶಯರು ಅಗಲವಾದ ತಟ್ಟೆಗಳಿಗೆ ಮನಸೋತು ಕೊಂಡುಹೋದರು. ಮರುದಿನ ಒಂದು ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ತಾಈ, ಪ್ಲೇಟ್ ಬಹಳ ಚೆನ್ನಾಗಿದೆ. ನನ್ನ ಸಿಂಕ್ ಬದಲಾಯಿಸಿ ಕೊಡಿ" ಎಂದರು. ತಮಾಷೆಗೆ ಹೇಳಿದರೆಂದು ನಕ್ಕೆ. ಅವರು ನಗಲಿಲ್ಲ.

ಇವೆಲ್ಲ ಸಣ್ಣಪುಟ್ಟವು. ಈ ಕೆಲಸದಲ್ಲಿ ಕಲಿಯುವುದು ಏನಿದೆ ಎಂದು ಕೇಳಿದ ಹುಡುಗಿಗೆ ನಾನು ನಿಜವಾಗಿ ಹೇಳಬೇಕೆಂದಿರುವುದು ಗಂಗಕ್ಕನ ಸಂಗತಿ.

ಗಂಗಕ್ಕ ಮುಲುಂಡಿನಲ್ಲಿ ನಮ್ಮ ಹಿಂಬದಿಯ ಬಿಲ್ಡಿಂಗಿನವರು. ಅವರೂ ಧಾರವಾಡದ ಕಡೆಯವರೇ. ಗಂಡ ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಂದೇ ಅಡುಗೆಮನೆ. ಹಿರಿಯ ಸೊಸೆ ಶೈಲಾ ಬೆಳಗಾವಿಯವಳು, ಬ್ಯಾಂಕಿನಲ್ಲಿ ಕೆಲಸ. ಕಿರಿಯವಳು ಪ್ರಾಚಿ ಇಲ್ಲಿಯವಳೇ, ಮರಾಠಿ ಹುಡುಗಿ. ಮದುವೆಯಾದ ಮೇಲೆ ಕನ್ನಡ ಕಲಿತಿದ್ದಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಳಿ ಬದಲಿಸಿ ಮರಾಠಿಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಮೂವರೂ ಅಂಗಡಿಗೆ ಬಂದರು. ಗಂಗಕ್ಕ ಕೈಯಲ್ಲಿ ಒಂದು ಭಾರದ ಚೀಲ ಹಿಡಿದಿದ್ದರು. ಸೊಸೆಯರು ಮೇಲಿನ ಮಹಡಿಗೆ ಹೋಗುತ್ತಿದ್ದಂತೆ ನನ್ನನ್ನು ಕಂಬದ ಮರೆಗೆ ಎಳೆದರು.

"ಸರೋಜಾ, ಒಂದ ಸೆಟ್ ಬೇಕಾಗೇದವಾ. ಎಲ್ಲಾರ ತಾಟೂ ಒಂದ ನಮೂನಿ ಇರಬೇಕು."

"ಈಗ ಮನಿಯಾಗ ತಾಟು ಇಲ್ಲೇನ್ರಿ, ಅಕ್ಕಾರ?"

"ಬೇಕಾದಷ್ಟ ಅವ. ಒಂದರಂಗ ಒಂದಿಲ್ಲ. ಶೈಲಾನ ತಾಟು ದೊಡ್ಡದು ಅಂತ ಪ್ರಾಚಿಗ ಸಿಟ್ಟು. ಪ್ರಾಚಿಗ ಪಲ್ಯಾ ಚಟ್ನಿಗೆ ಬ್ಯಾರೆ ಬ್ಯಾರೆ ಖಾನೆ ಮಾಡಿದ ತಾಟು ಅಂತ ಶೈಲಾಗ ಸಿಟ್ಟು. ಒಬ್ಬಾಕಿ ಲಗೂನ ಉಂಡು ಏಳತಾಳ, ಇನ್ನೊಬ್ಬಾಕಿ ಫೋನ್ ಹಿಡಕೊಂಡು ಖೋಲಿಗೆ ಹೋಗ್ತಾಳ. ಈಗ ಒಲಿ ಎರಡು ಮಾಡೂ ಮಾತು ನಡದೇದ." ಗಂಗಕ್ಕನ ದನಿ ಕುಗ್ಗಿತು. "ಒಂದ ನಮೂನಿ ತಾಟು ಬಂದ್ರ ಎಲ್ಲಾರೂ ಕೂಡಿ ಕೂಡ್ತಾರೇನೋ ಅಂತ ನನಗ ಆಸೆ."

ಮಾತು ಶೇಠರ ಕಿವಿಗೆ ಬಿತ್ತು. ನಮ್ಮ ಧಾರವಾಡದ ಮಾತು ಅವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. "ಒಲಿ ಎರಡು" ಎನ್ನುವುದಂತೂ ಚೆನ್ನಾಗಿಯೇ ಅರ್ಥವಾಗಿತ್ತು. ಊಟಕ್ಕೆ ಹೊರಡುತ್ತ ನನ್ನ ಪಕ್ಕಕ್ಕೆ ಬಂದು, "ಸರೋಜ್‌ಬೆನ್, ದೋ ಕಿಚನ್, ದೋ ಸೆಟ್. ಹಾಂ?" ಎಂದು ಪಿಸುಗುಟ್ಟಿ ಹೋದರು.

ನಾನೂ ಗಂಗಕ್ಕನೂ ಮೇಲೆ ಹೋದಾಗ ಯುದ್ಧ ಆರಂಭವಾಗಿತ್ತು. ಶೈಲಾಳ ಕೈಯಲ್ಲಿ ಗುಲಾಬಿ ಹೂಗಳ ಚಪ್ಪಟೆ ತಟ್ಟೆ. ಪ್ರಾಚಿಯ ಕೈಯಲ್ಲಿ ಕಪ್ಪು ಬಣ್ಣದ ಚೌಕ ತಟ್ಟೆ, ಹೋಟೆಲುಗಳಲ್ಲಿ ಕೊಡುವಂಥದು.

"ಇದು ತಾಟೋ, ಕಡಪಾ ಕಲ್ಲೋ?" ಎಂದಳು ಶೈಲಾ.

"ವೈನಿ, ಇದು ಮ್ಯಾಟ್ ಫಿನಿಶ್. ನನಗ ಫಾರ್ ಆವಡ್ತದ, ಭಾಳ ಸೇರ್ತದ. ತುಮಚಂ, ಅಂದ್ರ ನಿಮ್ಮದು, ತಾಟೋ, ನೈಟಿಯೋ?" ಎಂದಳು ಪ್ರಾಚಿ. ಓರಗಿತ್ತಿಯನ್ನು ಅವಳು ವೈನಿ ಎಂದೇ ಕರೆಯುತ್ತಿದ್ದಳು.

ಗುಲಾಬಿ ಹೂಗಳು ನಿಜಕ್ಕೂ ನೈಟಿಯ ಮೇಲಿನ ಹೂಗಳಂತೆಯೇ ಇದ್ದವು. ನಾನು ನಗು ತಡೆದುಕೊಳ್ಳಲು ಹೋಗಿ ಕೆಮ್ಮಿದೆ.

ಗಂಗಕ್ಕ ಇಬ್ಬರ ನಡುವೆ ಬಂದು ನಿಂತರು. ಚೀಲದಿಂದ ಬಟ್ಟೆಯ ಗಂಟು ತೆಗೆದರು. ಗಂಟು ಬಿಚ್ಚಿದರೆ ಜೋಳದ ರೊಟ್ಟಿ! ಒಂದನ್ನು ತೆಗೆದು ಗುಲಾಬಿ ತಟ್ಟೆಯ ಮೇಲೆ ಇಟ್ಟರು. ರೊಟ್ಟಿ ನಾಲ್ಕೂ ಕಡೆ ಹೊರಗೆ ಚಾಚಿತು. ಚೌಕ ತಟ್ಟೆಯ ಮೇಲೆ ಇಟ್ಟರು. ತಟ್ಟೆಯ ಮೂಲೆಗಳು ಹೊರಗೆ ಇಣುಕಿದವು, ರೊಟ್ಟಿ ಅಂಚುಗಳ ಮೇಲೆ ತೊಟ್ಟಿಲಿನಂತೆ ತೂಗಾಡಿತು.

"ಅಳತಿ ಪಟ್ಟಿ ಕೊಡ್ತೀನ್ರಿ ಅಕ್ಕಾರ," ಎಂದೆ.

"ಪಟ್ಟಿ ಉಣ್ತೀವೇನು? ಉಣ್ಣೂದು ರೊಟ್ಟಿ. ರೊಟ್ಟಿಲೇ ಅಳೀಬೇಕು."

ಪಟ್ಟಿಗೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಅವರು ಚೀಲದಿಂದ ಒಂದು ಡಬ್ಬಿ ತೆಗೆದರು, ಅದರಲ್ಲಿ ಬದನೆಕಾಯಿ ಎಣ್ಣಿಗಾಯಿ. ಇನ್ನೊಂದರಲ್ಲಿ ಸಾರು. ಮತ್ತೊಂದರಲ್ಲಿ ಶೇಂಗಾ ಚಟ್ನಿ. ತಟ್ಟೆಯನ್ನು ಉಂಡು ನೋಡಿಯೇ ಕೊಳ್ಳಬೇಕೆಂದು ಮನೆಯಿಂದಲೇ ಅಡುಗೆ ತಂದಿದ್ದರು.

ಮಹಡಿಯ ನಡುವೆ ಪ್ರದರ್ಶನಕ್ಕಿಟ್ಟ ಊಟದ ಟೇಬಲ್ ಇತ್ತು. ಮೇಲೆ ಪ್ಲಾಸ್ಟಿಕ್ಕಿನ ದ್ರಾಕ್ಷಿ ಗೊಂಚಲು, ಪಕ್ಕದಲ್ಲಿ ಕೈ ಹಚ್ಚಬಾರದು ಎಂಬ ಮರಾಠಿ ಫಲಕ. ಗಂಗಕ್ಕ ದ್ರಾಕ್ಷಿಯನ್ನು ಫಲಕದ ಮೇಲೆ ಇಟ್ಟು ಕುರ್ಚಿ ಎಳೆದುಕೊಂಡರು. ಸೊಸೆಯರ ಮುಖ ಕೆಂಪಾಯಿತು.

"ಅತ್ತೀ, ಇದು ಅಂಗಡಿರಿ!" ಎಂದಳು ಶೈಲಾ.

"ಆಯೀ, ಲೋಕ ಬಘತಾಯತ್!" ಜನ ನೋಡುತ್ತಿದ್ದಾರೆ ಎಂದು ಪ್ರಾಚಿ ಗಾಬರಿಯಾದಳು.

"ನೋಡ್ಲಿ. ಕೂಡ್ರಿ ಇಬ್ಬರೂ. ನಿಮ್ಮ ನಿಮ್ಮ ತಾಟಿನಾಗ ಉಂಡು ತೋರಸ್ರಿ. ಯಾರದು ಪಾಸ್ ಆಗ್ತದೋ ಅದನ್ನ ಒಯ್ಯೂನು."

ನಾನು ತಡೆಯಬೇಕಿತ್ತು. ಆದರೆ ಬೆಳಗಿನಿಂದ ಒಂದು ವಡಾಪಾವ್ ಬಿಟ್ಟು ಬೇರೇನೂ ತಿಂದಿರಲಿಲ್ಲ. ಎಣ್ಣಿಗಾಯಿಯ ವಾಸನೆ ಮೂಗಿಗೆ ಹೊಡೆದ ಮೇಲೆ ನನ್ನ ಕರ್ತವ್ಯ ಪ್ರಜ್ಞೆ ಸ್ವಲ್ಪ ಮಂಕಾಯಿತು. ನನ್ನ ಮುಂದೆಯೂ ಒಂದು ತಟ್ಟೆ ಇಟ್ಟುಕೊಂಡೆ. ಬಿಳಿ ಓಪಲ್ ತಟ್ಟೆ, ಸುತ್ತ ಸ್ವಲ್ಪ ಎತ್ತರದ ಅಂಚು, ಬಣ್ಣವಿಲ್ಲ, ಹೂವಿಲ್ಲ.

ಶೈಲಾ ತನ್ನ ಹೂವಿನ ತಟ್ಟೆಗೆ ಸಾರು ಬಡಿಸಿಕೊಂಡಳು. ಅದಕ್ಕೆ ಅಂಚೇ ಇರಲಿಲ್ಲ. ಸಾರು ಗುಲಾಬಿಗಳ ನಡುವೆ ಹಾದು, ತಟ್ಟೆ ದಾಟಿ, ಟೇಬಲ್ ದಾಟಿ, ಬ್ಯಾಂಕಿಗೆ ಉಟ್ಟುಕೊಂಡು ಹೋಗುವ ಸೀರೆಯ ಮೇಲೆ ಇಳಿಯಿತು. ಪ್ರಾಚಿ ಜೋರಾಗಿ ನಕ್ಕಳು. ನಗುತ್ತಲೇ ರೊಟ್ಟಿಯ ತುಂಡಿನಿಂದ ತನ್ನ ತಟ್ಟೆಯ ಎಣ್ಣಿಗಾಯಿ ಒರೆಸಲು ಹೋದಳು. ಮಸಾಲೆಯೆಲ್ಲ ಚೌಕದ ಮೂಲೆಗೆ ಹೋಗಿ ಅಡಗಿ ಕುಳಿತಿತ್ತು. ಬೆರಳು ಹಾಕಿದಳು, ಬರಲಿಲ್ಲ. ತಟ್ಟೆ ಓರೆ ಮಾಡಿದಳು. ಅದರ ಭಾರಕ್ಕೆ ಕೈ ಸೋತು ತಟ್ಟೆ ಧಡ್ ಎಂದು ಟೇಬಲ್ಲಿಗೆ ಬಿತ್ತು. ಬದನೆಕಾಯಿಯೊಂದು ಹಾರಿ ಶೈಲಾಳ ತಟ್ಟೆಗೇ ಬಂದು ಕುಳಿತಿತು.

ಶೈಲಾ ಅದನ್ನು ಎತ್ತಿ ತಿಂದಳು. "ಥ್ಯಾಂಕ್ಯೂ," ಎಂದಳು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಗಂಗಕ್ಕ ಮಾತ್ರ ನಗಲಿಲ್ಲ. ಅವರು ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದರು, ಹಾಲು ಉಕ್ಕುತ್ತದೋ ಎಂದು ಒಲೆಯ ಮುಂದೆ ನಿಂತವರ ಹಾಗೆ.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಮರಾಠಿ ದಂಪತಿ ನಮ್ಮನ್ನು ನೋಡಿ ನಿಂತರು. "ಹಾ ಡೆಮೋ ಆಹೇ ಕಾ?" ಇದು ಡೆಮೋ ಏನು ಎಂದು ಗಂಡ ಕೇಳಿದರು. ನನ್ನ ಬಾಯಲ್ಲಿ ರೊಟ್ಟಿ ಇತ್ತು. ಹೌದೆನ್ನುವಂತೆ ತಲೆ ಆಡಿಸಿದೆ. ಅವರಿಬ್ಬರೂ ಕುರ್ಚಿ ಎಳೆದು ಕುಳಿತೇಬಿಟ್ಟರು! ಗಂಗಕ್ಕನಿಗೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸದೆ ಇರಲು ಬರುವುದಿಲ್ಲ. ಬಡಿಸಿದರು. ಅವರ ಹಿಂದೆ ಇನ್ನೊಂದು ಕುಟುಂಬ ಬಂತು. ಅದರ ಹಿಂದೆ ಕೆಳಗಿನ ಕೌಂಟರಿನ ನಮ್ಮವರೂ ವಾಸನೆ ಹಿಡಿದು ಬಂದರು. ರೊಟ್ಟಿ ಸಾಲದೆ ಅರ್ಧ ಅರ್ಧ ಮಾಡಬೇಕಾಯಿತು. ಯಾರೋ ಒಬ್ಬರು ಪ್ಲಾಸ್ಟಿಕ್ ದ್ರಾಕ್ಷಿಯನ್ನೂ ಕಚ್ಚಿ ನೋಡಿದರು.

ಶೇಠ್ ಊಟ ಮುಗಿಸಿ ಮೇಲೆ ಬಂದಾಗ ಅವರ ಅಂಗಡಿ ಖಾನಾವಳಿಯಾಗಿತ್ತು.

"ಸರೋಜ್‌ಬೆನ್! ಯೇ ಕ್ಯಾ ಹೋ ರಹಾ ಹೈ?"

ನಾನು ಬಾಯಿ ತೆರೆಯುವ ಮೊದಲೇ ಮರಾಠಿ ದಂಪತಿ ನನ್ನ ಮುಂದಿದ್ದ ಬಿಳಿ ತಟ್ಟೆ ತೋರಿಸಿ, ಇದೇ ಸೆಟ್ಟು ಬೇಕು ಎಂದರು. ಹೆಂಡತಿ, "ಇದರ ಜೊತೆ ಚಟ್ನಿಯೂ ಬರುತ್ತದೆಯೇ?" ಎಂದು ಕೇಳಿದರು. ಶೇಠರ ಮುಖದ ಮೇಲೆ ಸಿಟ್ಟು ಮತ್ತು ವ್ಯಾಪಾರ ಎರಡೂ ಗುದ್ದಾಡಿದವು. ವ್ಯಾಪಾರ ಗೆದ್ದಿತು. ಚಟ್ನಿಯನ್ನು ಬೆರಳ ತುದಿಯಲ್ಲಿ ನೆಕ್ಕಿ ನೋಡಿ, ಗಂಗಕ್ಕನಿಗೆ ಕೈಮುಗಿದು, "ಮಾಜೀ, ಸೋಮವಾರ್ ಸೇ ರೋಜ್ ಆಯೇಂಗೀ ಕ್ಯಾ?" ಎಂದರು.

"ದಿನಾ ಬರ್ಲಿಕ್ಕೆ ನಾ ಏನ್ ನಿಮ್ಮ ಸ್ಟಾಫ್ ಏನು?" ಎಂದರು ಗಂಗಕ್ಕ.

ಗಂಗಕ್ಕ ಕೊಂಡದ್ದೂ ಆ ಬಿಳಿ ಸೆಟ್ಟನ್ನೇ. ರೊಟ್ಟಿ ಅದರಲ್ಲಿ ಸರಿಯಾಗಿ ಕೂತಿತ್ತು, ಸಾರು ಅಂಚು ದಾಟಿರಲಿಲ್ಲ. ಅದಕ್ಕೆ ಜೋಡಿಯಾದ ವಾಟಗಗಳೂ ಬಂದವು. ನಮ್ಮ ಕಡೆ ಬಟ್ಟಲಿಗೆ ವಾಟಗ ಎನ್ನುತ್ತೇವೆ. ಹಳೆಯ ಸ್ಟೀಲ್ ತಾಟು, ವಾಟಗಗಳನ್ನೆಲ್ಲ ಗಂಗಕ್ಕ ಮರುವಾರ ಅಂಗಡಿಗೆ ತಂದು ಬದಲಿಗೆ ಕೊಟ್ಟುಬಿಟ್ಟರು, ಮನೆಯಲ್ಲಿ ಬೇರೆ ತಾಟು ಉಳಿಯಲೇಬಾರದೆಂದು. ಗಂಗಕ್ಕನಿಗೆ ಎರಡರ ಬದಲು ಒಂದೇ ಸೆಟ್ಟು ಮಾರಿದ್ದಕ್ಕೆ ಶೇಠ್ ನನ್ನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೆಲವು ತಿಂಗಳಿಗೆ ಒಲೆ ಎರಡಾಗಿಯೇ ಬಿಟ್ಟಿತು. ಜಗಳವೇನೂ ಆಗಲಿಲ್ಲ. ಮನೆ ಚಿಕ್ಕದು, ಬೆಳಿಗ್ಗೆ ಸ್ನಾನಕ್ಕೆ ಸಾಲು ನಿಲ್ಲಬೇಕು. ಕಿರಿಯ ಮಗ ಅದೇ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಬಾಡಿಗೆ ಮನೆ ಹಿಡಿದ. ಕೆಳಗೆ ಶೈಲಾಳ ಜೊತೆ ಉಳಿದ ಗಂಗಕ್ಕ ಸೊಸೈಟಿಯ ಬೆಂಚಿನ ಮೇಲೆ ಕುಳಿತು ಸೊಪ್ಪು ಸೋಸುತ್ತ ಇದ್ದರು. ಒಳ್ಳೆಯ ಎಲೆಯನ್ನೂ ಕಸಕ್ಕೆ ಹಾಕುತ್ತಿದ್ದರು.

ಆಮೇಲೆ ಪಾತ್ರೆಗಳ ಪಾಲು ಬಂತು. ಅದನ್ನು ಗಂಗಕ್ಕನೇ ಮಾಡಿದರು. ತಾಟುಗಳೆಲ್ಲ ಕೆಳಗೆ ಶೈಲಾಗೆ. ವಾಟಗಗಳೆಲ್ಲ ಮೇಲೆ ಪ್ರಾಚಿಗೆ.

"ಅತ್ತೀ, ಅರ್ಧ ಅರ್ಧ ಮಾಡ್ರಿ," ಎಂದಳಂತೆ ಶೈಲಾ.

"ಸೆಟ್ ಒಡೀಬಾರದು. ತಾಟಿಂದು ಒಂದು ಸೆಟ್, ವಾಟಗದ್ದು ಒಂದು ಸೆಟ್. ಎರಡೂ ಇಡೀ ಅವ."

ಹೀಗಾಗಿ ಕೆಳಗಿನ ಮನೆಯಲ್ಲಿ ಸಾರಿಗೆ ವಾಟಗವಿಲ್ಲ, ಮೇಲಿನ ಮನೆಯಲ್ಲಿ ರೊಟ್ಟಿಗೆ ತಾಟಿಲ್ಲ. ಸಂಜೆಯಾದರೆ ಪ್ರಾಚಿ ವಾಟಗಗಳ ಗೋಪುರ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ವಾಟಗ ಹಿಡಿದು ಬಂದವಳನ್ನು ಉಣ್ಣದೆ ಕಳಿಸುವುದು ಹೇಗೆ? ಗಂಡನೂ ಹಿಂದೆಯೇ ಬರುತ್ತಿದ್ದ.

ಗಂಗಕ್ಕ ಬಹಳ ಮುಂದಾಲೋಚನೆಯವರು. ಒಂದು ಬೆಳಿಗ್ಗೆ ನನಗೆ ಫೋನ್ ಮಾಡಿದರು. "ಸರೋಜಾ, ಇಬ್ಬರೊಳಗ ಯಾರರೆ ಒಬ್ಬರು ಬಿಡಿ ತಾಟು, ಬಿಡಿ ವಾಟಗ ಕೇಳ್ಕೋತ ಅಂಗಡಿಗೆ ಬರ್ತಾರ. ಆ ನಮೂನಿ ಬಂದ್ ಆಗೇದ, ಸ್ಟಾಕ್ ಇಲ್ಲ ಅಂತ ಹೇಳಿಬಿಡು."

"ಅಕ್ಕಾರ, ಬಿಡಿ ಸಿಗ್ತಾವ ಅಂತ ನಾನ ಹೇಳಿ ಮಾರೀನಲ್ರಿ!"

"ಈಗ ಸಿಗೂದಿಲ್ಲ ಅಂತ ನೀನ ಹೇಳು."

ಬಂದೇಬಿಟ್ಟರು. ಮೊದಲು ಪ್ರಾಚಿ, ಆಫೀಸಿನಿಂದ ಹಾಗೆಯೇ ದಾದರಿಗೆ ಇಳಿದವಳು. "ತಾಈ, ನಮ್ಮ ಆ ಪಾಂಢ್ರಾ ಸೆಟ್ ಇತ್ತಲ್ಲ, ಬಿಳಿದು, ಅದರ ತಾಟು ಬೇಕು."

"ಆ ನಮೂನಿ ಬಂದ್ ಆಗೇದವಾ. ಸ್ಟಾಕ್ ಇಲ್ಲ," ಎಂದೆ. ಹೇಳುವಾಗ ನನ್ನ ಬೆನ್ನ ಹಿಂದೆಯೇ ಅದರ ಕಪಾಟು ಇತ್ತು. ಸೀರೆಯ ಸೆರಗನ್ನು ಅಗಲ ಮಾಡಿಕೊಂಡು ನಿಂತೆ.

ಅದೇ ಹೊತ್ತಿಗೆ ಮೆಟ್ಟಿಲಲ್ಲಿ ಇನ್ನೊಂದು ದನಿ. "ಅಕ್ಕಾರ, ಆ ಬಿಳಿ ಸೆಟ್ಟಿನ ವಾಟಗ..." ಶೈಲಾ ಮಾತು ಅರ್ಧಕ್ಕೆ ನಿಲ್ಲಿಸಿದಳು. ಓರಗಿತ್ತಿಯರು ಒಬ್ಬರನ್ನೊಬ್ಬರು ನೋಡಿದರು.

"ನೀ ಯಾಕ ಬಂದಿ?"

"ಮೀ ಅಶೀಚ್. ಸುಮ್ಮನ. ನೀವು?"

"ನಾನೂ ಸುಮ್ಮನ."

ಆಗ ಶೇಠ್ ಒಳಗಿನ ಗೋದಾಮಿನಿಂದ ಬಂದರು. ಒಂದು ಕೈಯಲ್ಲಿ ಬಿಳಿ ತಾಟುಗಳ ರಾಶಿ, ಇನ್ನೊಂದರಲ್ಲಿ ವಾಟಗಗಳು, ಮುಖದಲ್ಲಿ ಹೆಮ್ಮೆ. "ಅರೇ ಸರೋಜ್‌ಬೆನ್, ಸ್ಟಾಕ್ ನಹೀಂ ಕೈಸೇ? ಪೂರಾ ಕಪಾಟ್ ಭರಾ ಪಡಾ ಹೈ! ತುಮ್ಹಾರೇ ಪೀಛೇ!"

ಇಬ್ಬರೂ ಕಪಾಟನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆಯೆತ್ತಿ ಫ್ಯಾನು ನೋಡಿದೆ.

"ಅತ್ತಿ ನಿಮಗ ಫೋನ್ ಮಾಡಿದ್ರೇನ್ರಿ?" ಎಂದಳು ಶೈಲಾ.

ನಾನು ಫ್ಯಾನನ್ನೇ ನೋಡುತ್ತಿದ್ದೆ. ಮೊದಲು ನಕ್ಕವಳು ಪ್ರಾಚಿ. ಶೈಲಾ ಟೇಬಲ್ ಹಿಡಿದುಕೊಂಡು ನಕ್ಕಳು. ಶೇಠರಿಗೆ ಏನೂ ತಿಳಿಯದೆ ಅವರೂ ನಕ್ಕರು.

ನಗು ಮುಗಿದ ಮೇಲೆ ಶೈಲಾ ಒಂದು ತಾಟು ತೆಗೆದು ಪ್ರಾಚಿಯ ಕೈಗಿಟ್ಟಳು. "ಸಿಕ್ಕೇದಲ್ಲ, ತಗೋ."

ಪ್ರಾಚಿ ತಾಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ತಗೊಂಡ್ರ ಸಂಜಿಕ ನಾ ಕೆಳಗ ಯಾಕ ಬರಲಿ, ವೈನಿ?"

ಶೈಲಾ ಅವಳ ಕೈಯಿಂದ ತಾಟು ತೆಗೆದುಕೊಂಡು ಶೇಠರ ಕೈಯಲ್ಲಿದ್ದ ರಾಶಿಯ ಮೇಲೆ ಮೆಲ್ಲನೆ ಇಟ್ಟಳು. ಹೊರಡುವಾಗ ನನ್ನ ಹತ್ತಿರ ಬಂದು, "ಅಕ್ಕಾರ, ಅತ್ತಿ ಕೇಳಿದ್ರ ನಾವು ಬಂದೇ ಇಲ್ಲ ಅಂತ ಹೇಳ್ರಿ," ಎಂದಳು. ಇಬ್ಬರೂ ಕೂಡಿಯೇ ಸ್ಟೇಷನ್ನಿನ ಕಡೆ ನಡೆದರು.

ಶೇಠ್ ತಾಟು ವಾಟಗ ಹಿಡಿದುಕೊಂಡೇ ನಿಂತಿದ್ದರು. "ದೋ ಗ್ರಾಹಕ್, ಔರ್ ಏಕ್ ಭೀ ಪ್ಲೇಟ್ ನಹೀಂ!" ಎಂದು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಅವರಿಗೆ ಚಹಾ ತರಿಸಿಕೊಟ್ಟೆ.

ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದಂತೆ ಫೋನ್ ಬಂತು.

"ಬಂದಿದ್ರೇನವಾ?" ಎಂದರು ಗಂಗಕ್ಕ, ಪಿಸುದನಿಯಲ್ಲಿ.

"ಇಲ್ರಿ ಅಕ್ಕಾರ. ಯಾರೂ ಬಂದಿಲ್ಲ."

"ಬರ್ತಾರ ನೋಡು. ಇಬ್ಬರೂ ಭಾಳ ಶಾಣ್ಯಾರು. ನೀ ಹುಷಾರಿಯಿಂದ ಇರು."

"ಆತ್ರಿ."

ಆ ಕಡೆ ಬಾಗಿಲು ತೆರೆದ ಸದ್ದು, ಮೆಟ್ಟಿಲಲ್ಲಿ ಹೆಜ್ಜೆ, ಗಾಜಿಗೆ ಗಾಜು ತಾಗುವ ಕಿಣಿಕಿಣಿ.

"ಇಡ್ತೀನವಾ," ಎಂದರು ಗಂಗಕ್ಕ, "ವಾಟಗ ಬಂದ್ವು."